ಐದನೆಯ ಯಾಕೆ

ತೆರಕಣಾಂಬಿ ದಾಟುವ ಹೊತ್ತಿಗೆ ಶಾಂತಮಲ್ಲಪ್ಪ ಏಳು ಗಾಡಿ ಎಣಿಸಿದ್ದ. ಎಣಿಸಬಾರದು ಎಂದು ಚಾಮರಾಜನಗರದ ಬಸ್ ಸ್ಟ್ಯಾಂಡಿನಲ್ಲೇ ತೀರ್ಮಾನಿಸಿ, ಕಿಟಕಿ ಬಿಟ್ಟು ಒಳಗಿನ ಸೀಟಿನಲ್ಲಿ ಕೂತಿದ್ದ. ಆದರೂ ಕಣ್ಣು ಪಕ್ಕದ ಮುದುಕಿಯ ತಲೆ ದಾಟಿ ರಸ್ತೆಗೇ ಹೋಗುತ್ತಿತ್ತು. ಬಿಳಿ ಬಣ್ಣದ, ಗಿಡ್ಡ ಮೂತಿಯ ಸಣ್ಣ ಲಗೇಜ್ ಗಾಡಿಗಳು. ಎಲೆಕೋಸು ಹೊತ್ತದ್ದು, ಬಾಳೆಗೊನೆ ಹೊತ್ತದ್ದು, ಏನೂ ಇಲ್ಲದೆ ಖಾಲಿ ಕುಣಿಯುತ್ತಾ ಬಂದದ್ದು. ಅವನಿಗೆ ಕಾಣುತ್ತಿದ್ದುದು ಹಿಂದಿನ ಚಕ್ರ ಒಂದೇ. ಚಕ್ರದೊಳಗೆ ಡ್ರಮ್ಮು, ಡ್ರಮ್ಮಿನೊಳಗೆ ಸಿಲಿಂಡರು, ಅದರೊಳಗೆ ಹೆಬ್ಬೆರಳು ಗಾತ್ರದ ಒಂದು ಪಿಸ್ಟನ್ನು. ಬ್ರೇಕ್ ತುಳಿದಾಗ ಅದು ಮುಂದೆ ಸರಿಯಬೇಕು, ಕಾಲು ತೆಗೆದಾಗ ಹಿಂದೆ ಬರಬೇಕು, ಅಷ್ಟೇ ಅದರ ಜನ್ಮ. ಅದರ ದಪ್ಪ ಸರಿಯಿದೆ ಎಂದು ಸಹಿ ಹಾಕುವುದು ಶಾಂತಮಲ್ಲಪ್ಪನ ಜನ್ಮ. ಹದಿನೇಳು ವರ್ಷದಿಂದ ಅದೇ. ಟ್ರೈನಿಯಾಗಿ ಸೇರಿದ, ಕಂಟ್ರಾಕ್ಟಿನಲ್ಲಿ ಉಳಿದ, ಕಾಯಂ ಆದ, ಭಾನುವಾರಗಳನ್ನೆಲ್ಲ ಮೈಸೂರಿನಲ್ಲಿ ಕಳೆದು ಬಿ.ಇ. ಮುಗಿಸಿದ; ಈ ಹದಿನೇಳು ವರ್ಷದಲ್ಲಿ ಅವನು ಅಳೆಯುವುದನ್ನು ಕಲಿಸಿದ ಮೂವರು ಹುಡುಗರು ಅವನನ್ನು ದಾಟಿ ಮೇಲೆ ಹೋದರು. ಅವರ ತಲೆಯ ಮೇಲೆ ಬಿಳಿ ಹೆಲ್ಮೆಟ್ಟು. ಇವನದು ಇನ್ನೂ ಹಳದಿ.

ಬ್ಯಾಗಿನಲ್ಲಿದ್ದುದು ಒಂದು ಹಾಳೆ. ಮಡಚಬಾರದೆಂದು ಮಗಳ ಡ್ರಾಯಿಂಗ್ ಪುಸ್ತಕದ ನಡುವೆ ಇಟ್ಟುಕೊಂಡು ಬಂದಿದ್ದ. ಅದಕ್ಕೊಂದು ಸಹಿ ಬೇಕಿತ್ತು, ಆ ಸಹಿ ಗುಂಡ್ಲುಪೇಟೆಯಲ್ಲಿತ್ತು. ಶನಿವಾರ ಸಂಜೆ ಪ್ಲಾಂಟ್ ಹೆಡ್ ಕನಕರಾಜು ಬಾಗಿಲು ಹಾಕಿ ಹೇಳಿದ್ದ: "ಮಂಡೇ ಗಾಡಿ ಕಂಪ್ನಿಯಿಂದ ಆಡಿಟರ್ಸು ಬರ್ತಾರೆ ಶಾಂತ್. ಆ ಹುಡುಗಿ ಸೈನ್ ಒಂದಿದ್ರೆ ಫೈಲು ಕ್ಲೋಸು. ನಿನ್ನ ಲೆಟರು ಇಲ್ಲೇ ಇದೆ ನೋಡಪ್ಪಾ, ಡೇಟ್ ಹಾಕಿಲ್ಲ ಅಷ್ಟೇ." ಹಾಗೆಂದು ಡ್ರಾಯರು ಎಳೆದು ತೋರಿಸಿದ. ಡೆಪ್ಯುಟಿ ಮ್ಯಾನೇಜರ್ ಎಂಬ ಅಕ್ಷರಗಳು ಕಂಡವು. ಶಾಂತಮಲ್ಲಪ್ಪ ಓದಿ ಮುಗಿಸುವ ಮೊದಲೇ ಡ್ರಾಯರು ಮುಚ್ಚಿಕೊಂಡಿತು. ಕನಕರಾಜು ಕೊಯಮತ್ತೂರಿನ ಕಡೆಯವನು, ಕೆಟ್ಟವನೇನಲ್ಲ. ಶಾಂತಮಲ್ಲಪ್ಪ ಎಂಬ ಹೆಸರು ಉದ್ದವಾಯಿತೆಂದು ಮೊದಲ ದಿನವೇ ಕತ್ತರಿಸಿ ಶಾಂತ್ ಮಾಡಿದ್ದ. ತಾತನ ಹೆಸರು ಕಣಯ್ಯಾ ಅದು ಎಂದು ಹೇಳಬೇಕೆಂದು ಇವನಿಗೆ ಪ್ರತಿಸಲ ಅನ್ನಿಸುತ್ತದೆ, ಪ್ರತಿಸಲ "ಯೆಸ್ ಸಾರ್" ಎಂದುಬಿಡುತ್ತಾನೆ. ಮನೆಯಲ್ಲಿ ಹೆಂಡತಿ ನಾಗರತ್ನ ಮಗಳ ಸ್ಕೂಲಿನ ಫಾರಮ್ಮಿನಲ್ಲಿ ತಂದೆಯ ಉದ್ಯೋಗ ಎಂಬಲ್ಲಿ ಡೆಪ್ಯುಟಿ ಮ್ಯಾನೇಜರ್ ಎಂದು ಆಗಲೇ ಬರೆದಾಗಿತ್ತು. "ಆಗೇ ಆಗ್ತದಲ್ಲ, ಮತ್ತೆ ಹೊಡೆದುಹಾಕಿ ಬರೆಯೋದ್ಯಾಕೆ" ಅಂದಿದ್ದಳು. ಅವಳ ದುಂಡಗಿನ ಕೈಬರಹವನ್ನು ಎರಡು ಸಲ ಓದಿ ಇವನು ಫಾರಮ್ಮನ್ನು ಮಗುಚಿಟ್ಟಿದ್ದ.

ಹಾಳೆಯಲ್ಲಿ ಇಂಗ್ಲಿಷಿನಲ್ಲಿ ನಾಲ್ಕು ಸಾಲು. ನೀಲಾವತಿ ಎಲ್. ಎಂಬ ನಾನು ಅಕ್ಟೋಬರಿನ ಆ ದಿನ ಮೊದಲ ಶಿಫ್ಟಿನಲ್ಲಿ ಪಿಸ್ಟನ್ನಿನ ಟ್ರೇ ಕೈಜಾರಿ ಬೀಳಿಸಿದೆ, ಯಾರಿಗೂ ತಿಳಿಸದೆ ಎತ್ತಿಟ್ಟೆ. ಗಾಡಿ ಕಂಪನಿಯಲ್ಲಿ ಹನ್ನೊಂದು ಪಿಸ್ಟನ್ನು ಸಿಲಿಂಡರಿನೊಳಗೆ ಬಿಗಿದು ಸಿಕ್ಕಿಕೊಂಡಿದ್ದವು. ಬಿದ್ದು ಪೆಟ್ಟಾದದ್ದರಿಂದ ಬಿಗಿದವು ಎಂದರೆ ಹನ್ನೊಂದರ ಕಥೆ ಹನ್ನೊಂದಕ್ಕೇ ಮುಗಿಯುತ್ತದೆ. ಹಾಗಲ್ಲದೆ, ಅಳೆದದ್ದೇ ತಪ್ಪು ಎಂದರೆ, ಆ ಶಿಫ್ಟಿನ ನಾನೂರು ಪೀಸೂ ತಪ್ಪು. ಉಳಿದ ಮುನ್ನೂರ ಎಂಬತ್ತೊಂಬತ್ತು ಯಾವ ಯಾವ ಗಾಡಿಯ ಚಕ್ರದಲ್ಲಿ ಕೂತಿವೆಯೋ ಅಷ್ಟನ್ನೂ ರಸ್ತೆಯಿಂದ ವಾಪಸ್ ಕರೆಸಿ ಬಿಚ್ಚಬೇಕು. ಎಂಟನೆಯ ಗಾಡಿ ಹೋಯಿತು. ಟೊಮೇಟೊ. ಡ್ರೈವರು ಕಿವಿಗೆ ಫೋನು ಒತ್ತಿಕೊಂಡು ನಗುತ್ತಿದ್ದ.

ಟ್ರೇ ಬಿದ್ದಿರಲಿಲ್ಲ. ಬಿದ್ದಿಲ್ಲ ಎಂದು ಶಾಂತಮಲ್ಲಪ್ಪನಿಗೆ ಗೊತ್ತಿದ್ದಷ್ಟು ಬೇರೆ ಯಾರಿಗೂ ಗೊತ್ತಿರಲು ಸಾಧ್ಯವಿರಲಿಲ್ಲ, ಏಕೆಂದರೆ ಆದದ್ದು ಏನು ಎಂಬುದು ಅವನ ಕರವಸ್ತ್ರದಲ್ಲಿತ್ತು. ಆಯುಧಪೂಜೆಗೆ ಅಳತೆ ಕೋಣೆಯ ಮೇಜಿನ ಮೇಲೆ ಗೇಜುಗಳನ್ನೆಲ್ಲ ಸಾಲಾಗಿ ಜೋಡಿಸಿದ್ದರು. ಈ ಸಲ ಇನ್‌ಸ್ಟ್ರುಮೆಂಟಿಗೆ ಅರಿಶಿನ ಕುಂಕುಮ ಬೇಡ ಎಂದು ಕನಕರಾಜು ಹೇಳಿದಾಗ, ಯಾವತ್ತೂ ಎದುರಾಡದ ಶಾಂತಮಲ್ಲಪ್ಪ ಅವತ್ತೊಂದು ದಿನ ಎದುರಾಡಿದ್ದ. "ವಿಭೂತಿ ಇಡ್ತೀನಿ ಸಾರ್. ಕಲೆ ಆಗಲ್ಲ. ನಾನೇ ಇಟ್ಟು ನಾನೇ ಒರೆಸ್ತೀನಿ." ಒದ್ದೆ ವಿಭೂತಿಯಲ್ಲಿ ಮೂರು ಬೆರಳು ಅದ್ದಿ ಒಂದೊಂದಕ್ಕೂ ಎಳೆದ. ಮಾಸ್ಟರಿಗೂ ಎಳೆದ. ಮಾಸ್ಟರ್ ಎಂದರೆ ದೊಡ್ಡದೇನಲ್ಲ, ಅಂಗೈಯಲ್ಲಿ ಹಿಡಿಸುವ ಉಕ್ಕಿನ ತುಂಡು. ಸರಿಯಾದ ಅಳತೆ ಎಂದರೆ ಇದು ಎಂದು ಲೋಕಕ್ಕೆ ತೋರಿಸುವ ತುಂಡು. ಬೆಳಿಗ್ಗೆ ಅದನ್ನು ಗೇಜಿನಲ್ಲಿಟ್ಟು ಮುಳ್ಳನ್ನು ಸೊನ್ನೆಗೆ ಕೂರಿಸಬೇಕು, ಆಮೇಲೆ ದಿನವಿಡೀ ಪೀಸು ಅಳೆಯಬೇಕು. ಹಬ್ಬ ಕಳೆದು, ಮೊದಲ ಶಿಫ್ಟು ಮಾತ್ರ ನಡೆದ ದಿನ, ಬೆಳಿಗ್ಗೆ ಅವನು ಎಲ್ಲವನ್ನೂ ಒರೆಸಿದ. ಒರೆಸಿದೆ ಎಂದೇ ಅವನಿಗೆ ನೆನಪಿತ್ತು. ಕುಂಕುಮವಾಗಿದ್ದರೆ ಕಾಣುತ್ತಿತ್ತು. ಉಕ್ಕಿನ ಮೇಲೆ ಒಣಗಿದ ವಿಭೂತಿ ಉಕ್ಕಿನ ಬಣ್ಣಕ್ಕೇ ತಿರುಗಿ ಕೂತುಬಿಡುತ್ತದೆ, ದೀಪಕ್ಕೆ ಓರೆಯಾಗಿ ಹಿಡಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಆ ಪದರದ ಮೇಲೆ ಅವನು ಸೊನ್ನೆ ಕೂರಿಸಿದ. ಇಪ್ಪತ್ತು ಮೈಕ್ರಾನು, ತಲೆಗೂದಲ ಮೂರನೆಯ ಒಂದು ಪಾಲೂ ಇಲ್ಲ. ದಪ್ಪ ಪಿಸ್ಟನ್ನುಗಳೆಲ್ಲ ಸರಿಯಾದ ಪಿಸ್ಟನ್ನುಗಳಾಗಿ ಹೊರಟುಹೋದವು. ಮಾರನೆಯ ದಿನ ಹೆಬ್ಬೆರಳಿಗೆ ತರಿತರಿ ಹತ್ತಿದ್ದು, ಕರವಸ್ತ್ರದಲ್ಲಿ ಉಜ್ಜಿದ್ದು, ಮುಳ್ಳು ಇಪ್ಪತ್ತು ಗೆರೆ ಆಚೆ ಜಿಗಿದದ್ದು. ಸುತ್ತ ಯಾರಾದರೂ ನೋಡಿದರೇ ಎಂದು ಮೊದಲು ನೋಡಿದ. ಅದನ್ನು ನೆನೆದಾಗ ಮಾತ್ರ ಅವನಿಗೆ ಈಗಲೂ ಮೈ ಬಿಸಿಯಾಗುತ್ತದೆ: ಮುಳ್ಳನ್ನು ಎರಡನೆಯ ಸಲ ನೋಡುವ ಮೊದಲು ಬಾಗಿಲು ನೋಡಿದ. ಟಾಯ್ಲೆಟ್ಟಿಗೆ ಹೋಗಿ ಕರವಸ್ತ್ರ ತೊಳೆದ. ಮನೆಯಲ್ಲಿ ಒಂದು ದಿನಕ್ಕೂ ತನ್ನ ಬಟ್ಟೆ ತೊಳೆಯದ ಗಂಡಸು, ಬಿಳಿ ಹೋಗುವವರೆಗೆ ತಿಕ್ಕಿ ತಿಕ್ಕಿ ತೊಳೆದ.

ಏನಾದರೂ ಕೆಟ್ಟರೆ ಐದು ಸಲ ಯಾಕೆ ಎಂದು ಕೇಳಬೇಕು ಎಂಬುದು ಕಾರ್ಖಾನೆಯ ನಿಯಮ. ಅದಕ್ಕೊಂದು ಫಾರಮ್ಮು, ಐದು ಚೌಕ. ಪ್ರತಿ ಉತ್ತರಕ್ಕೂ ಮತ್ತೆ ಯಾಕೆ. ಐದನೆಯದರಲ್ಲಿ ಬೇರು ಸಿಗುತ್ತದೆ ಎಂದು ಟ್ರೈನಿಂಗಿನಲ್ಲಿ ಹೇಳಿಕೊಡುತ್ತಾರೆ, ಶಾಂತಮಲ್ಲಪ್ಪನೇ ಹೇಳಿಕೊಡುತ್ತಾನೆ. ಪಿಸ್ಟನ್ನು ಬಿಗಿಯಿತು, ಯಾಕೆ? ಪೆಟ್ಟು ಬಿದ್ದಿತ್ತು. ಯಾಕೆ? ಟ್ರೇ ಬಿತ್ತು. ಯಾಕೆ? ಆಪರೇಟರು ಜಾಗ್ರತೆ ವಹಿಸಲಿಲ್ಲ. ಯಾಕೆ? ಟ್ರೈನಿಂಗ್ ಸಾಲದು. ನಾಲ್ಕು ಚೌಕ ಅವನ ಕೈಯಲ್ಲೇ ಸರಾಗವಾಗಿ ತುಂಬಿದವು. ಐದನೆಯದು ಖಾಲಿ ಉಳಿಯಿತು, ಕನಕರಾಜು "ನಾಲ್ಕು ಸಾಕು ಬಿಡಪ್ಪಾ" ಎಂದ. ಆಪರೇಟರು ನೀಲಾವತಿ. ಕಂಟ್ರಾಕ್ಟಿನವಳು, ಆದ್ದರಿಂದ ಕಾಗದ ಪತ್ರದ ರಗಳೆಯೂ ಇಲ್ಲದೆ ಮರುದಿನ ಗೇಟಿನಲ್ಲಿ ಅವಳ ಪಾಸು ಇಸಿದುಕೊಂಡರು. ಅವಳು ಇವನ ಕಡೆ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು.

ಹಾಗೆ ನೋಡಿದರೆ ಅವಳನ್ನು ಕೆಲಸಕ್ಕೆ ಸೇರಿಸಿದವನೂ ಇವನೇ. ಇಬ್ಬರದೂ ಕುದೇರು. ಅವಳಪ್ಪ ಲಿಂಗಯ್ಯ ಇವರ ಹೊಲದಲ್ಲೇ ಕೂಲಿ ಮಾಡಿ ಬೆನ್ನು ಬಗ್ಗಿಸಿಕೊಂಡವನು. ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ ಜಗಲಿಯ ಕೆಳಗೆ ನಿಂತು, "ಬುದ್ದಿ, ನಮ್ ನೀಲ ಐಟಿಐ ಮಾಡವ್ಳೆ. ನಿಮ್ ಕಂಪ್ನೀಲಿ ಎಲ್ಲಾರಾ ಒಂದು ಮೂಲೇಲಿ ಆಕಂಡ್ರೆ..." ಎಂದಿದ್ದ. ಮೇಲೆ ಬಾ ಕೂತುಕೋ ಎಂದು ಶಾಂತಮಲ್ಲಪ್ಪ ಹೇಳಿದ್ದನೋ, ಹೇಳಬೇಕೆಂದುಕೊಂಡಿದ್ದನೋ, ಈಗ ಜ್ಞಾಪಕವಿಲ್ಲ. ಕೆಲಸ ಕೊಡಿಸಿದ. ಕ್ಯಾಂಟೀನಿನಲ್ಲಿ ಅವಳ ಎದುರೇ ಕೂತು ಊಟ ಮಾಡಿದ. ಅದನ್ನು ಒಂದು ಸಾಹಸವೆಂಬಂತೆ ಮನಸ್ಸಿನೊಳಗೆ ಇಟ್ಟುಕೊಂಡಿದ್ದ. ಅವ್ವನಿಗೆ ಮಾತ್ರ ಹೇಳಿರಲಿಲ್ಲ. ನೀಲಾವತಿ ಚುರುಕು. ಗೇಜು ಹಿಡಿಯುವ ಮೊದಲೇ ಪೀಸು ಕೈಗೆ ಬಂದ ತೂಕದಲ್ಲೇ ಹೆಚ್ಚು ಕಮ್ಮಿ ಹೇಳುತ್ತಿದ್ದಳು. ಆ ದಿನವೂ ಹೇಳಿದ್ದಳು. "ಸಾರ್, ಯಾಕೋ ಪೀಸು ಬಿಗೀತಾವೆ. ಮಾಸ್ಟರು ಒಂದ್ಸಲ ನೋಡಿ ಸಾರ್." ಸುತ್ತ ನಾಲ್ಕು ಜನ ಇದ್ದರು, ಬಿಳಿ ಹೆಲ್ಮೆಟ್ಟಿನವನೊಬ್ಬನೂ ಇದ್ದ. "ನೀನು ನಂಗೆ ಕಲಿಸ್ತೀಯಾ? ಪೀಸು ಅಳಿ" ಎಂದಿದ್ದ ಶಾಂತಮಲ್ಲಪ್ಪ.

ಗುಂಡ್ಲುಪೇಟೆಯಲ್ಲಿ ಇಳಿದಾಗ ಎರಡೂವರೆ. ಡಿಸೆಂಬರಿನ ಬಿಸಿಲಾದರೂ ಅಂಗಿ ಬೆನ್ನಿಗೆ ಅಂಟಿತ್ತು. ಊಟಿ ರಸ್ತೆಯಲ್ಲಿ ತರಕಾರಿ ಮಂಡಿಯೊಂದರಲ್ಲಿ ಅವಳು ತೂಕ ಹಾಕುತ್ತಾಳೆ ಎಂದು ಊರಲ್ಲಿ ವಿಚಾರಿಸಿ ತಿಳಿದುಕೊಂಡಿದ್ದ. ಅವಳಿಗೆ ಹೇಳಬೇಕಾದ ಮಾತನ್ನು ಬಾಯಲ್ಲಿ ಹೊರಳಿಸುತ್ತಾ ನಡೆದ: ಒಂದು ಸಣ್ಣ ಸೈನು, ಬರೀ ಫಾರ್ಮಾಲಿಟಿ, ನಿಂಗೇನೂ ತೊಂದರೆ ಆಗಲ್ಲ. ಹೇಳಿಕೊಂಡಷ್ಟೂ ಅದು ಕನಕರಾಜುವಿನ ದನಿಯಲ್ಲೇ ಕೇಳುತ್ತಿತ್ತು. ತಗಡಿನ ಶೆಡ್ಡಿನೊಳಗೆ ಟೊಮೇಟೊ ಕ್ರೇಟುಗಳು ಆಳೆತ್ತರ. ನಡುವೆ ಎಲೆಕ್ಟ್ರಾನಿಕ್ ತಕ್ಕಡಿ, ಅದರ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ನೀಲಾವತಿ. ಸ್ವಲ್ಪ ಕರ್ರಗಾಗಿದ್ದಳು. ಕ್ರೇಟು ಇಳಿಸಿದ ಕೂಡಲೇ ಮುಂದಿನದನ್ನು ಇಡಲು ಬಂದ ಹಮಾಲಿಯನ್ನು ಕೈಯೆತ್ತಿ ತಡೆದು, ಒದ್ದೆ ಬಟ್ಟೆಯಲ್ಲಿ ತಕ್ಕಡಿಯ ತಟ್ಟೆ ಒರೆಸಿ, "ಇರಣ್ಣ, ಸೊನ್ನೆಗೆ ಬರ್ಲಿ" ಎಂದಳು. ಹೊರಗೆ ಬಾಗಿಲಿಗೆ ಹಿಂಭಾಗ ಕೊಟ್ಟು ನಿಂತ ಗಾಡಿಯ ಡ್ರೈವರು ಕೂಗಿದ.

"ಏನಕ್ಕೋ, ತೂಕ ಆಕ್ತಾ ಇದ್ದೀಯೋ ಪೂಜೆ ಮಾಡ್ತಾ ಇದ್ದೀಯೋ? ಬೇಗ ಬುಡು, ಒಂಬತ್ತಕ್ಕೆ ಕಾಡಿನ ಚೆಕ್‌ಪೋಸ್ಟು ಮುಚ್ಕತದೆ. ಆಮೇಲೆ ನಾನೂ ನಿನ್ ಟೊಮೇಟೊನೂ ಆನೆ ಕಾಯ್ಕಂಡು ಕೂರ್ಬೇಕು."

"ಒಂಬತ್ತಕ್ಕೆ ಇನ್ನೂ ಆರು ಗಂಟೆ ಅದೆ ಕಣ್ ಶಿವಸ್ವಾಮಣ್ಣ. ನಿನ್ ಗಾಡಿ ಅಷ್ಟು ಮೆತ್ತಗೆ ಓಡ್ತದಾ?" ಎಂದವಳು ತಲೆಯೆತ್ತಿ ಇವನನ್ನು ಕಂಡಳು. ಎದ್ದು ನಿಂತಳು. ಏಳಬೇಕಾಗಿರಲಿಲ್ಲ. "ಏನ್ ಸಾರ್, ಇಷ್ಟು ದೂರ? ಊರಲ್ಲೆಲ್ಲಾ ಚೆಂದಾಗವ್ರಾ? ಅವ್ವ?"

ಚೆನ್ನಾಗಿದ್ದಾರೆ ಎಂದ. ಡ್ರಾಯಿಂಗ್ ಪುಸ್ತಕ ಬಿಚ್ಚಿ ಹಾಳೆ ತೆಗೆದ. ಜೊತೆಗೆ ಮಗಳು ಬಿಡಿಸಿದ ನವಿಲೊಂದು ಹೊರಗೆ ಬಂತು, ಅದನ್ನು ತುರುಕಿ ಒಳಗಿಟ್ಟ. ಬಾಯಿಪಾಠ ಮಾಡಿದ್ದನ್ನು ಹೇಳಿದ. ಅವಳು ಒದ್ದೆ ಕೈಯನ್ನು ಚೂಡಿದಾರಿಗೆ ಒರೆಸಿಕೊಂಡು ಹಾಳೆಯನ್ನು ಅಂಚಿನಲ್ಲಿ ಹಿಡಿದು ತುಟಿಯಲ್ಲೇ ಓದಿದಳು. ಇಂಗ್ಲಿಷನ್ನು ಒಂದೊಂದೇ ಪದ ಬೆರಳಿಟ್ಟು ಓದುತ್ತಿದ್ದಳು, ಡ್ರಾಪ್ಡ್ ಎನ್ನುವಲ್ಲಿ ಬೆರಳು ನಿಂತಿತು. ಆ ಬೆರಳನ್ನೇ ನೋಡುತ್ತಾ ನಿಂತ.

"ನಾನು ಟ್ರೇ ಕೆಡವಿದ್ನಾ ಸಾರ್?"

"ಅದೂ... ಫೈಲಿಗೆ ಒಂದು ಕಾರಣ ಬೇಕು ನೀಲ."

"ಕೆಡವಿದ್ರೆ ಸದ್ದಾಗ್ತಿತ್ತಲ್ಲ ಸಾರ್. ನೂರು ಪಿಸ್ಟನ್ನು ಬಿದ್ರೆ ಇಡೀ ಶೆಡ್ಡೇ ತಿರುಗಿ ನೋಡೋದು." ನಕ್ಕಳು. ವ್ಯಂಗ್ಯವೋ ಎಂದು ಮುಖ ಹುಡುಕಿದ, ಅಲ್ಲಿ ವ್ಯಂಗ್ಯವಿರಲಿಲ್ಲ. ಲೆಕ್ಕ ತಪ್ಪಿದ ಮಕ್ಕಳನ್ನು ತಿದ್ದುವಾಗಿನ ನಗು. ಆಮೇಲೆ ಅವಳು ದನಿ ತಗ್ಗಿಸಿದಳು. "ಆ ವಿಭೂತಿ ಇಚಾರ ತಾನೆ ಸಾರ್ ಇದು?"

ಶೆಡ್ಡಿನ ತಗಡು ಬಿಸಿಲಿಗೆ ಟಿಕ್ ಎಂದಿತು. ಅವನಿಗೆ ಮೊದಲು ಬಂದದ್ದು ಭಯವಲ್ಲ, ಕೋಪ. ಗೊತ್ತಿತ್ತು ಇವಳಿಗೆ. ಗೊತ್ತಿದ್ದೂ ನಾನೂರು ಪೀಸು ಅಳೆದಳು. ಹಾಗಾದರೆ ತಪ್ಪು ಇವಳದೂ ಹೌದು, ಹಾಗಾದರೆ ಹಾಳೆಯಲ್ಲಿರುವುದು ಪೂರ್ತಿ ಸುಳ್ಳಲ್ಲ. ಆ ಯೋಚನೆ ಎಷ್ಟು ಬೇಗ, ಎಷ್ಟು ಹಗುರಾಗಿ ಬಂದು ಕೂತಿತೆಂದರೆ ಅವನ ಹೆಗಲೇ ಒಂದಿಷ್ಟು ಇಳಿಯಿತು. ಮೇಲಧಿಕಾರಿಯ ದನಿ ತಾನಾಗಿ ಗಂಟಲಿಗೆ ಬಂತು. "ನಿಂಗೆ ಕಂಡಿತ್ತಾ? ಕಂಡಿದ್ರೆ ಯಾಕೆ ಒರೆಸ್ಲಿಲ್ಲ?"

"ನೀವಿಟ್ಟಿದ್ದ ವಿಭೂತಿ ಸಾರ್."

"ಅದಕ್ಕೇನು? ಬಟ್ಟೆ ತಗೊಂಡು ಒರೆಸೋಕೆ ಏನಾಗಿತ್ತು?"

ಅವಳು ಅವನನ್ನೇ ನೋಡಿದಳು. ನಿಜವಾಗಿಯೂ ಕೇಳುತ್ತಿದ್ದಾನೋ, ಪರೀಕ್ಷೆ ಮಾಡುತ್ತಿದ್ದಾನೋ ಎಂಬ ನೋಟ. "ನಿಮ್ಗೆ ಗ್ಯಾಪಕ ಇಲ್ವಾ ಸಾರ್? ಒಂದ್ಸಲ ಒರೆಸಿದ್ನಲ್ಲ. ನಿಮ್ಮ ಅಂಗ್ಳದಲ್ಲಿ. ಕುಡುಗೋಲು." ಹಮಾಲಿ ಕ್ರೇಟು ತಂದಿಟ್ಟ, ಅವಳು ಅಂಕಿ ನೋಡಿ ಬರೆದುಕೊಂಡಳು, ಬರೆಯುತ್ತಲೇ ಹೇಳಿದಳು, "ನಿಮ್ಮವ್ವ ಆ ಕುಡುಗೋಲ್ನ ಮೂರು ಕೊಡ ನೀರಾಕಿ ತೊಳೆದ್ರು. ನಂಗಾಗ್ಲೇ ಎಣ್ಸಕ್ಕೆ ಬತ್ತಿತ್ತು. ಅದ್ಕೇ ನಿಮ್ಮನ್ನೇ ಮಾಸ್ಟರ್ ನೋಡಿ ಅಂದೆ. ನೀವೇ ನೋಡಿ ನೀವೇ ಒರೆಸ್ಕಳ್ಳಿ ಅಂತ. ಅದುಕ್ಕಿಂತ ಇನ್ನೆಂಗೆ ಏಳದು ಸಾರ್?"

ಜ್ಞಾಪಕವಿತ್ತು. ಇಲ್ಲದಿದ್ದರೆ ಚೆನ್ನಾಗಿತ್ತು. ಆ ವರ್ಷದ ಆಯುಧಪೂಜೆಗೆ ನೇಗಿಲು, ಗುದ್ದಲಿ, ಅಪ್ಪ ಮರಿಮಲ್ಲಪ್ಪನ ಮೊಪೆಡ್ಡು, ಪಂಪ್‌ಸೆಟ್ಟಿನ ಸ್ಟಾರ್ಟರು, ಎಲ್ಲಕ್ಕೂ ಮೂರು ಗೆರೆ. ಹಬ್ಬದ ಮಾರನೆಯ ದಿನ ಲಿಂಗಯ್ಯನ ಜೊತೆ ಹುಲ್ಲು ಕೊಯ್ಯಲು ಬಂದ ಎಂಟು ವರ್ಷದ ಹುಡುಗಿ ಕುಡುಗೋಲು ಎತ್ತಿಕೊಂಡು, ಹಿಡಿಯ ಮೇಲೆ ಕೈಗೆ ಪುಡಿಪುಡಿ ಹತ್ತಿದ್ದನ್ನು ಲಂಗದ ಅಂಚಿನಲ್ಲಿ ಒರೆಸಿದಳು. ಅವ್ವ ಶಿವರುದ್ರಮ್ಮ ಪೊರಕೆಯ ಬುಡದಲ್ಲಿ ಎರಡೇಟು ಹಾಕಿದ್ದಳು. "ದೇವ್ರ ವಿಭೂತಿ ಒರೆಸಕ್ಕೆ ನೀನ್ಯಾವಳೇ? ಮುಟ್ಟಿ ಮೈಲಿಗೆ ಮಾಡ್ಬುಟ್ಟೆಯಲ್ಲೇ." ಲಿಂಗಯ್ಯ ತಪ್ಪಾಯ್ತು ಅವ್ವಾ, ತಪ್ಪಾಯ್ತು ಎನ್ನುತ್ತಾ ಮಗಳ ತಲೆಯನ್ನು ತಾನೇ ಬಗ್ಗಿಸುತ್ತಿದ್ದ. ಶಾಂತಮಲ್ಲಪ್ಪನಿಗೆ ಆಗ ಹತ್ತೊಂಬತ್ತು. ಜಗಲಿಯ ಮೇಲೆ ಹಲಗೆ ಹರಡಿಕೊಂಡು ಡಿಪ್ಲೊಮಾದ ಮೆಷಿನ್ ಡ್ರಾಯಿಂಗ್ ಮಾಡುತ್ತಿದ್ದ. ಪೆನ್ಸಿಲು ಒಂದು ಉದ್ದ ಗೆರೆಯ ನಡುವಿನಲ್ಲಿತ್ತು. ಅವನು ತಲೆಯೆತ್ತಲಿಲ್ಲ. ಗೆರೆ ಅಲ್ಲಾಡಬಾರದೆಂದು ಉಸಿರು ಹಿಡಿದುಕೊಂಡು ಕೊನೆಯವರೆಗೂ ಎಳೆದ. ಗೆರೆ ನೇರವಾಗಿ ಬಂತು. ಆ ಹಾಳೆಗೆ ಹತ್ತಕ್ಕೆ ಒಂಬತ್ತು ಅಂಕ ಸಿಕ್ಕಿತ್ತು.

"ಎಲ್ಲಿ ಆಕ್ಬೇಕು ಸಾರ್ ಸೈನು? ಇಲ್ಲಾ?"

ಬೇಡ ಎಂದು ಹೇಳಬೇಕಾಗಿದ್ದ ಬಾಯಿ "ಕೆಳಗೆ" ಎಂದಿತು. ಅವಳು ಕ್ರೇಟಿನ ಮೇಲೆ ಹಾಳೆಯಿಟ್ಟು, ಟೊಮೇಟೊ ರಸ ಹತ್ತದ ಜಾಗ ನೋಡಿ, ನಿಧಾನವಾಗಿ ಸಹಿ ಹಾಕಿದಳು. "ನೀವೇ ಕೆಲ್ಸ ಕೊಡ್ಸಿದ್ರಿ, ನೀವೇ ತಗುಸಿದ್ರಿ. ಓಗ್ಲಿ ಬುಡಿ. ಇಲ್ಲೂ ಅಳೆಯೋ ಕೆಲ್ಸನೇ. ನಮ್ಮಪ್ಪಂಗೆ ಮಾತ್ರ ನಾನು ಟ್ರೇ ಕೆಡವಿದ್ದೆ ಅಂತ ಏಳ್ಬೇಡಿ ಸಾರ್. ಅವ್ನು ನಿಮ್ಮನೆ ಮುಂದೆ ಬಂದು ಮತ್ತೆ ತಪ್ಪಾಯ್ತು ಅಂತಾನೆ."

ಹಾಳೆ ತೆಗೆದುಕೊಂಡು ಹೊರಗೆ ಬಂದ. ಸಿಕ್ಕಿತು. ಎಷ್ಟು ಸುಲಭವಾಗಿ ಸಿಕ್ಕಿತು. ಅವಳು ಬೈದಿದ್ದರೆ, ಹರಿದು ಬಿಸಾಕಿದ್ದರೆ, ತಾನೂ ಎರಡು ಮಾತಾಡಿ ಮನುಷ್ಯನಾಗಬಹುದಿತ್ತು. ಹಾಳೆಯನ್ನು ಮಡಚದೆ ಹೇಗೆ ಹಿಡಿಯಬೇಕೆಂದು ತಿಳಿಯದೆ ದೀಪದ ತಟ್ಟೆಯಂತೆ ಎರಡು ಕೈಯಲ್ಲಿ ಹಿಡಿದು ನಿಂತಿದ್ದ. ಎದುರಿಗೆ ಶಿವಸ್ವಾಮಿಯ ಗಾಡಿ. ಬಿಳಿ ಬಣ್ಣ, ಗಿಡ್ಡ ಮೂತಿ. ಹೊಸದು, ಕನ್ನಡಿಗೆ ಕಟ್ಟಿದ ಹೂವಿನ ದಾರ ಇನ್ನೂ ಹಾಗೇ ಇತ್ತು. ಇದು ಒಂಬತ್ತನೆಯದೋ ಹತ್ತನೆಯದೋ. ಶಿವಸ್ವಾಮಿ ಬಗ್ಗಿ ಹಿಂದಿನ ಚಕ್ರದ ನಡುವೆ ಅಂಗೈ ಇಟ್ಟು ಸರಕ್ಕನೆ ಹಿಂದಕ್ಕೆಳೆದುಕೊಂಡ.

"ತಕ್ಕಂಡು ಇನ್ನೂ ತಿಂಗ್ಳಾಗಿಲ್ಲ, ನೋಡಣ್ಣ ಇವನವ್ವನ, ದೋಸೆ ಉಯ್ಯಬೋದು. ಆ ಕಡೆ ಚಕ್ರ ತಣ್ಣಗದೆ, ಈ ಕಡೇದು ಸುಡ್ತದೆ."

ಶಾಂತಮಲ್ಲಪ್ಪ ಹಾಳೆಯನ್ನು ಕಂಕುಳಲ್ಲಿ ಸಿಕ್ಕಿಸಿ ಕೂತು ಡ್ರಮ್ಮಿನ ಮೇಲೆ ಕೈಯಿಟ್ಟ. ಸುಟ್ಟಿತು. ಬ್ರೇಕ್ ಹೊಸದಿದ್ದಾಗ ಹೀಗೂ ಸುಡುತ್ತದೆ. ಬೇರೆ ನೂರು ಕಾರಣಕ್ಕೂ ಸುಡುತ್ತದೆ. ಕೈ ತೆಗೆಯಲಿಲ್ಲ. "ಲೋಡು ಎಲ್ಲಿಗೆ?"

"ಕ್ಯಾಲಿಕಟ್ಟಿಗೆ. ಯಾಕೆ?"

"ಘಾಟಿ ಇಳೀಬೇಕಲ್ಲ."

"ಇಳೀದೆ ಆರ್ಕಂಡ್ ಓಗಕ್ಕೆ ಆಯ್ತದಾ? ಒಂಬತ್ತು ತಿರುವು. ಎಲ್ಲಾರೂ ಇಳೀತಾರೆ, ನಾನೂ ಇಳೀತೀನಿ."

"ಓಗಬೇಡ." ಊರಿನ ಮಾತು ತಾನಾಗಿ ಬಾಯಿಗೆ ಬಂದಿತ್ತು. "ಬಿಚ್ಚಿಸದೆ ಓಗಬೇಡ ಕಣಪ್ಪಾ. ಒಳಗಡೆ ಪಿಸ್ಟನ್ನು ಬಿಗೀತಾ ಇರಬೋದು."

"ಯಾಕೆ ಬಿಗೀತದೆ? ಒಸಾ ಗಾಡಿ."

"ದಪ್ಪ ಇರಬೋದು."

"ದಪ್ಪ ಯಾಕಿರ್ತದೆ? ಅಳೆದು ತಾನೆ ಆಕಿರ್ತಾರೆ?"

"ಅಳೆದದ್ದು ತಪ್ಪಾಗಿತ್ತು."

ಶಿವಸ್ವಾಮಿ ಸೊಂಟಕ್ಕೆ ಕೈಕೊಟ್ಟು ನಿಂತ. ತನಗೆ ಗೊತ್ತಿಲ್ಲದ ಒಬ್ಬ ಮನುಷ್ಯ, ಇಸ್ತ್ರಿ ಅಂಗಿಯವನು, ತನ್ನ ಗಾಡಿಯ ಚಕ್ರ ತಬ್ಬಿಕೊಂಡು ಕೂತು ಹೀಗೆಲ್ಲ ಮಾತಾಡುತ್ತಿರುವುದು ಅವನಿಗೆ ತಮಾಷೆಯಾಗಿಯೂ ಇತ್ತು, ರೇಗಿಯೂ ಹೋಗಿತ್ತು. "ಲೇ, ಬನ್ರಲಾ, ಇಲ್ಲೊಬ್ರು ಜೋಯಿಸ್ರು ಬಂದವ್ರೆ. ಚಕ್ರ ಮುಟ್ಟಿ ಭವಿಷ್ಯ ಏಳ್ತಾರೆ! ನಿಮ್ಗೆಂಗೆ ಗೊತ್ತು ಸ್ವಾಮಿ ತಪ್ಪಾಗಿತ್ತು ಅಂತ?"

"ಅಳೆದು ಪಾಸ್ ಮಾಡ್ದೋನು ನಾನೇ. ನಿನ್ ಗಾಡೀಲಿ ಅದೇ ಪೀಸು ಇರಬೋದು, ಇಲ್ದೆನೂ ಇರಬೋದು. ನಂಗೊತ್ತಿಲ್ಲ. ಮುನ್ನೂರ ಎಂಬತ್ತೊಂಬತ್ತು ಅವೆ."

ನಗು ನಿಂತಿತು. ಹಮಾಲಿಗಳು ಕ್ರೇಟು ಹಿಡಿದೇ ನಿಂತರು. ಬಾಗಿಲಲ್ಲಿ ನೀಲಾವತಿ ಬಂದು ನಿಂತಿದ್ದಳು, ಕೈಯಲ್ಲಿ ಅದೇ ಒದ್ದೆ ಬಟ್ಟೆ. "ಹಂಗಾರೆ ಬರ್ಕೊಡಿ," ಎಂದ ಶಿವಸ್ವಾಮಿ. ಅವನ ದನಿ ಈಗ ಬೇರೆಯಾಗಿತ್ತು. "ನಾನು ಸರ್ವಿಸಿನೋರ ತಾವ ಓಗಿ ಬಾಯಲ್ಲೇಳಿದ್ರೆ, ನಿಂಗೆ ಗಾಡಿ ಓಡ್ಸಕ್ ಬರಲ್ಲ ಓಗಲಾ ಅಂತಾರೆ. ಬರ್ಕೊಡಿ, ಸೈನ್ ಆಕಿ."

ಬೇರೆ ಕಾಗದವಿರಲಿಲ್ಲ. ಇತ್ತು, ಡ್ರಾಯಿಂಗ್ ಪುಸ್ತಕವಿತ್ತು. ಅವನಿಗೆ ಅದು ಹೊಳೆದದ್ದೂ ನಿಜ. ಆದರೆ ಕೈ ಕಂಕುಳಲ್ಲಿದ್ದ ಹಾಳೆಯನ್ನೇ ಎಳೆದುಕೊಂಡಿತು. ಇಂಗ್ಲಿಷಿನ ನಾಲ್ಕು ಸಾಲಿನ ಮೇಲೆ, ನೀಲಾವತಿಯ ಸಹಿಯೂ ಸೇರಿದಂತೆ, ಪೆನ್ನೊತ್ತಿ ಮೂರು ಅಡ್ಡಗೆರೆ ಎಳೆದ. ಮೂರೂ ಸೊಟ್ಟಗೆ ಬಂದವು. ಹಾಳೆ ತಿರುಗಿಸಿ ಮೊಣಕಾಲಿನ ಮೇಲಿಟ್ಟುಕೊಂಡು ಕನ್ನಡದಲ್ಲಿ ಬರೆದ: ಈ ಗಾಡಿಯ ಹಿಂದಿನ ಬ್ರೇಕ್ ಬಿಚ್ಚಿ ಪಿಸ್ಟನ್ನಿನ ಅಳತೆ ನೋಡುವುದು. ಮಾಸ್ಟರ್ ಮೇಲೆ ವಿಭೂತಿ ಇಟ್ಟು, ಒರೆಸದೆ ಸೊನ್ನೆ ಕೂರಿಸಿದ್ದು ನಾನು. ಶಾಂತಮಲ್ಲಪ್ಪ, ಕುದೇರು. ಕುದೇರು ಎಂದು ಯಾಕೆ ಬರೆದನೋ. ಕಂಪನಿಯ ಹೆಸರು ಬರೆಯಬೇಕಾಗಿತ್ತು. ಶಿವಸ್ವಾಮಿ ಓದಿದ, ಮಡಚಿ ಜೇಬಿಗಿಟ್ಟ.

"ವಿಭೂತಿ ಅಂತೀರಿ. ಒರೆಸೋಕೆ ಅಲ್ಲಿ ಯಾರೂ ಇರ್ಲಿಲ್ವಾ?"

ಫೋನು ಬಡಿದುಕೊಂಡಿತು. ಕನಕರಾಜು. ಭಾನುವಾರವೂ ಆಫೀಸಿನಲ್ಲಿ ಕೂತು ಆಡಿಟ್ಟಿಗೆ ಫೈಲು ಜೋಡಿಸುತ್ತಿದ್ದಾನೆ. "ಏನಪ್ಪಾ ಶಾಂತ್, ಸೈನ್ ಆಯ್ತಾ?"

ಡ್ರೈವರು ಉತ್ತರಕ್ಕೆ ಕಾಯುತ್ತಿದ್ದ, ಫೋನು ಉತ್ತರಕ್ಕೆ ಕಾಯುತ್ತಿತ್ತು. ಯಾರಿಗೆ ಹೇಳುತ್ತಿದ್ದೇನೆಂದು ಶಾಂತಮಲ್ಲಪ್ಪನಿಗೂ ಸರಿಯಾಗಿ ತಿಳಿಯಲಿಲ್ಲ. "ಇದ್ಲು ಸಾರ್. ಒರೆಸೋಳು ಇದ್ಲು. ಒರೆಸಿದ್ರೆ ಹೊಡೀತಾರೆ ಅಂತ ನಮ್ಮ ಅಂಗಳದಲ್ಲಿ ಕಲ್ತಿದ್ಲು. ಹೊಡೆದಾಗ ನಾನು ಅಲ್ಲೇ ಕೂತಿದ್ದೆ." ಆ ಕಡೆ "ಏನು? ಯಾರು? ಶಾಂತ್, ಎಲ್ಲಿದ್ದೀಯಾ?" ಎಂಬುದು ಕೇಳಿತು. "ಟ್ರೇ ಬಿದ್ದಿಲ್ಲ ಸಾರ್. ಮಾಸ್ಟರ್ ತಪ್ಪಿತ್ತು, ತಪ್ಪು ನಂದು. ನಾನೂರೂ ತಪ್ಪು. ನಾಳೆ ಆಡಿಟರ್ಸಿಗೆ ನಾನೇ ಹೇಳ್ತೀನಿ." ಆ ಕಡೆ ಒಂದು ಸದ್ದು, ಡ್ರಾಯರು ಮುಚ್ಚಿದ ಹಾಗೆ. ಬೇರೆ ಏನಾದರೂ ಇರಬಹುದು. ಫೋನು ಕಟ್ಟಾಯಿತು. ನಾಗರತ್ನಳ ದುಂಡಗಿನ ಅಕ್ಷರಗಳು ಕಣ್ಣ ಮುಂದೆ ಬಂದವು. ಅದನ್ನು ಹೊಡೆದುಹಾಕಿ ಬರೆಯಬೇಕು, ತಾನೇ ಬರೆಯಬೇಕು. ಅಂಗೈಯಲ್ಲಿ ಡ್ರಮ್ಮಿನ ಬಿಸಿ ಇನ್ನೂ ಉಳಿದಿತ್ತು. ನೀಲಾವತಿಯ ಕಡೆ ತಿರುಗಲು ಅವನಿಗೆ ಧೈರ್ಯವಾಗಲಿಲ್ಲ.

"ಇಳ್ಸ್ರಲಾ ಲೋಡ್ನಾ," ಎಂದು ಶಿವಸ್ವಾಮಿ ಹಮಾಲಿಗಳಿಗೆ ಕೂಗಿದ. "ಬೇರೆ ಗಾಡಿಗೆ ಆಕ್ರಿ. ನಂದು ಇವತ್ತು ಎಕ್ಕುಟ್ಟೋಯ್ತು." ಮತ್ತೆ ಇವನ ಕಡೆ ನೋಡಿ, "ನೀವೂ ಒಂದ್ ಕೈ ಆಕಿ ಸ್ವಾಮಿ, ಸುಮ್ನೆ ನಿಂತ್ಕಬೇಡಿ" ಎಂದ.

ಶಾಂತಮಲ್ಲಪ್ಪ ಬ್ಯಾಗು ನೆಲಕ್ಕಿಟ್ಟು ಕ್ರೇಟು ಎತ್ತಿದ. ಎಣಿಸಿದ್ದಕ್ಕಿಂತ ಭಾರವಿತ್ತು. ಒಡೆದ ಟೊಮೇಟೊದ ನೀರು ಇಸ್ತ್ರಿ ಅಂಗಿಯ ಮೇಲೆ ಇಳಿಯುತ್ತಿತ್ತು. ಗಾಡಿ ಬದಲಾದ್ದರಿಂದ ಎಲ್ಲವನ್ನೂ ಮತ್ತೆ ತೂಗಬೇಕು. ಮುಗ್ಗರಿಸುತ್ತಾ ಒಳಗೆ ಬಂದು ತಕ್ಕಡಿಯ ಮೇಲೆ ಇಡಲು ಬಗ್ಗಿದ. ನೀಲಾವತಿ ಕೈ ಅಡ್ಡ ತಂದು ತಡೆದಳು. ಅವನು ಕ್ರೇಟು ಹೊತ್ತುಕೊಂಡೇ ನಿಂತ. ಅವಳು ಆತುರವಿಲ್ಲದೆ ಒದ್ದೆ ಬಟ್ಟೆಯಲ್ಲಿ ತಟ್ಟೆಯನ್ನು ಒರೆಸಿದಳು, ಮೂಲೆಗಳನ್ನೂ ಒರೆಸಿದಳು, ಬಗ್ಗಿ ಅಂಕಿ ನೋಡಿದಳು.

"ಇರಿ ಸಾರ್," ಎಂದಳು. "ಸೊನ್ನೆಗೆ ಬರ್ಲಿ."